ಊರಿಗೆಲ್ಲ ಬೈದ ಕಂಪೌಂಡರ್

ಆ ಮನುಷ್ಯ ತೀರಿಹೋಗಿ ಎಷ್ಟೋ ವರ್ಷಗಳಾದವು. ಅವರ ಮೇಲಿನ ಸಿಟ್ಟು ಮಾತ್ರ ನನಗೆ ಇನ್ನೂ ಇಳಿದಿಲ್ಲ. ಇಳಿದಿದೆ ಎಂದುಕೊಂಡು ಆರಾಮವಾಗಿದ್ದೆ, ಹೋದ ವಾರದವರೆಗೆ.

ಹೋದ ವಾರ ಮಗಳಿಗೆ ಗಂಟಲು ಬಾತು ಜ್ವರ ಬಂದಿತ್ತು. ಡಾಕ್ಟರು ಏಳು ದಿನಕ್ಕೆ ಗುಳಿಗೆ ಬರೆದುಕೊಟ್ಟರು. ಮೂರನೆಯ ದಿನಕ್ಕೆ ಜ್ವರ ಇಳಿಯಿತು. ನಾಲ್ಕನೆಯ ದಿನ ನೋಡುತ್ತೇನೆ, ಗುಳಿಗೆಯ ಪಟ್ಟಿಯೇ ಇಲ್ಲ. ಎಲ್ಲಿ ಹೋಯಿತು ಎಂದರೆ, ಪಕ್ಕದ ಮನೆಯಾಕೆಗೂ ಗಂಟಲು ನೋವಂತೆ, ಉಳಿದದ್ದನ್ನು ಆಕೆಗೆ ಕೊಟ್ಟೆ ಎಂದಳು. ನನ್ನ ಈ ಮಗಳು ಅರವತ್ತು ದಾಟಿದ ಹೆಂಗಸು, ವಿಜಯಪುರದ ಬ್ಯಾಂಕಿನಲ್ಲಿ ಅಧಿಕಾರಿಯಾಗಿ ನಿವೃತ್ತಳಾದವಳು. ನಾನು ಒದರಿದ ಸದ್ದಿಗೆ ಬೀದಿಯ ನಾಯಿ ಎದ್ದು ಆಚೆ ಹೋಯಿತು. ಪಕ್ಕದ ಮನೆಗೆ ನಾನೇ ಕೋಲೂರಿಕೊಂಡು ಹೋಗಿ ಗುಳಿಗೆ ವಾಪಸ್ ಇಸಿದುಕೊಂಡು ಬಂದೆ. ಆಕೆ ಈಗ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಬಿಡಲಿ. ತಂಬಿಗೆ ನೀರು ಹಿಡಿದು ಮಗಳ ಮುಂದೆ ನಿಂತು ಹೇಳಿದೆ: "ಬಾಯಿ ತಗಿ. ನುಂಗು. ಈಗ ನಾಲಿಗಿ ಎತ್ತು."

"ಯವ್ವಾ, ನಾಕ ಗುಳಿಗಿ ಸಲುವಾಗಿ ಇಷ್ಟ್ಯಾಕ ಒದರಾಕತ್ತೀಬೇ?" ಎಂದಳು ಮಗಳು.

ನನ್ನ ಬಾಯಿಂದ ಬಂದದ್ದು ನನ್ನ ಮಾತಾಗಿರಲಿಲ್ಲ. ಅದು ತಿಕೋಟಾದ ಕಂಪೌಂಡರರ ಮಾತು.

ಹೆಸರು ಬರೆಯುವುದಿಲ್ಲ. ಊರಲ್ಲಿ ಯಾರೂ ಅವರನ್ನು ಹೆಸರು ಹಿಡಿದು ಕರೆದದ್ದು ನನಗೆ ನೆನಪಿಲ್ಲ. ಎದುರಿಗೆ ‘ಕಂಪೌಂಡರ್ ಸಾಹೇಬ್ರ’, ಬೆನ್ನ ಹಿಂದೆ ಬೇರೆ ಬೇರೆ, ಅವನ್ನೂ ಬರೆಯುವುದಿಲ್ಲ. ಅರವತ್ತರ ದಶಕ ಶುರುವಾಗುವ ಮೊದಲೇ ಅವರು ತಿಕೋಟಾಕ್ಕೆ ಬಂದಿದ್ದರು. ಆಗ ನಾವು ವಿಜಾಪುರ ಎನ್ನುತ್ತಿದ್ದ ಊರಿನಿಂದ ಡಾಕ್ಟರು ವಾರಕ್ಕೆರಡು ಸಲ ಬಸ್ಸಿಗೆ ಬಂದು ಹೋಗುತ್ತಿದ್ದರು. ಉಳಿದ ದಿನ ಆ ಎರಡು ಕೋಣೆಯ ದವಾಖಾನೆಗೆ ಇವರೇ ಡಾಕ್ಟರು, ಇವರೇ ಕಂಪೌಂಡರು, ಕಸ ಹೊಡೆಯುವವರೂ ಇವರೇ. ಕುಳ್ಳ ದೇಹ, ತಲೆಯ ಮೇಲೆ ಕರಿ ಟೊಪ್ಪಿಗೆ, ಕಿವಿಯ ಸಂದಿಯಲ್ಲಿ ಸದಾ ಒಂದು ನೀಲಿ ಪೆನ್ಸಿಲ್ಲು. ಆ ಪೆನ್ಸಿಲ್ಲಿನಿಂದ ಔಷಧದ ಪೊಟ್ಟಣದ ಮೇಲೆ ಗೆರೆ ಎಳೆಯುತ್ತಿದ್ದರು. ಒಂದು ಗೆರೆ ಎಂದರೆ ದಿನಕ್ಕೆ ಒಂದು ಹೊತ್ತು, ಎರಡು ಗೆರೆ ಎಂದರೆ ಎರಡು ಹೊತ್ತು. ಓದು ಬಾರದ ಊರಿಗೆ ಅವರು ಮಾಡಿಕೊಂಡಿದ್ದ ಲಿಪಿ ಅದು. ನಾವು ಮನೆಯಿಂದ ಒಯ್ದ ಬಾಟಲಿಗೆ ಕೆಂಪು ಔಷಧ ತುಂಬಿ, ಕಾಗದದ ಪಟ್ಟಿಯನ್ನು ಹಲ್ಲು ಹಲ್ಲಾಗಿ ಕತ್ತರಿಸಿ ಅಂಟಿಸುತ್ತಿದ್ದರು. ಒಂದು ಹಲ್ಲಿನಷ್ಟು ಒಂದು ಸಲಕ್ಕೆ.

ಬೈಯುವಾಗ ಅವರಿಗೆ ಎದುರಿಗಿದ್ದವರು ಯಾರು ಎಂಬ ಪರಿವೆ ಇರಲಿಲ್ಲ. ಆ ಕಾಲದಲ್ಲಿ ಪೆನ್ಸಿಲಿನ್ ಎಂದರೆ ಜನಕ್ಕೆ ಹುಚ್ಚು. ತಲೆ ನೋಯಲಿ, ಕಾಲು ಉಳುಕಲಿ, ಸೂಜಿ ಚುಚ್ಚಿಸಿಕೊಳ್ಳದೆ ಹೊರಟರೆ ದವಾಖಾನೆಗೆ ಹೋದದ್ದೇ ದಂಡ. ಒಮ್ಮೆ ಊರ ಗೌಡರು ಬೀಗರ ಊಟಕ್ಕೆ ಹೊರಟವರು ಮೂಗು ಒರೆಸಿಕೊಳ್ಳುತ್ತ ಬಂದು, ಅಂಗಿಯ ತೋಳು ಮಡಚಿ ಕುಳಿತರು. "ಒಂದು ಪೆನ್ಸಿಲಿನ್ ಹಾಕಿಬಿಡ್ರಿ, ಸಂಜೀತನಕ ಆರಾಮ ಇರತೇನಿ."

"ನೆಗಡಿಗೆ ಪೆನ್ಸಿಲಿನ್ ಕೊಡಾಕ ನನಗ ತಲಿ ಕೆಟ್ಟಿಲ್ಲರಿ ಗೌಡ್ರ. ಮನಿಗೆ ಹೋಗಿ ಬಿಸಿನೀರ ಕುಡದು ಮಲಕೋರಿ. ನಾಳಿ ನಿಮಗ ನ್ಯುಮೋನಿಯಾ ಆದಾಗ ಅದು ಬೇಕಾಗತೈತಿ, ಇವತ್ತ ನೆಗಡಿಗೆ ತಗದು ಚೆಲ್ಲಬ್ಯಾಡ್ರಿ."

ಗೌಡರು ಅದನ್ನು ಶಾಪ ಎಂದೇ ತಿಳಿದರು. ಎರಡು ವರ್ಷ ದವಾಖಾನೆಯ ಮುಂದೆ ಹಾಯಲಿಲ್ಲ.

ಸಂತೆಯ ದಿನ ಹೊನವಾಡದ ಬಸ್ಸಿನಿಂದ ಒಬ್ಬ ‘ಸೂಜಿ ಡಾಕ್ಟರ’ ಇಳಿಯುತ್ತಿದ್ದ. ಯಾವ ವೈದ್ಯದ ಸಾಲಿಯ ಮೆಟ್ಟಿಲನ್ನೂ ಹತ್ತಿದವನಲ್ಲ. ಒಂದು ಚರ್ಮದ ಚೀಲ, ಒಂದೇ ಸೂಜಿ. ಬೇವಿನ ಮರದ ಬುಡದಲ್ಲಿ ಒಂದು ಸೀಸೆ ಪೆನ್ಸಿಲಿನ್ನನ್ನು ಆರು ಜನರಿಗೆ ಹಂಚಿ ಚುಚ್ಚುತ್ತಿದ್ದ. ಕಂಪೌಂಡರರು ಒಮ್ಮೆ ದವಾಖಾನೆ ಬಿಟ್ಟು ಓಡಿಬಂದು ಅವನ ಚೀಲಕ್ಕೇ ಕೈ ಹಾಕಿದರು.

"ಒಂದು ಸೀಸೆ ಆರು ಮಂದಿಗೆ ಹಾಕೀಯಲ್ಲಲೇ, ಯಾರಿಗೆ ನಾಟಬೇಕು ಅದು?"

"ಎಲ್ಲಾರಿಗೂ ಸ್ವಲ್ಪ ಸ್ವಲ್ಪ ನಾಟತೈತ್ರಿ ಸಾಹೇಬ್ರ. ಬಡವ್ರು ಅದಾರ ಪಾಪ."

"ಸ್ವಲ್ಪ ಪೆಟ್ಟು ತಿಂದ ಹುಳಾ ಸಾಯಂಗಿಲ್ಲಲೇ, ಶಾಣ್ಯಾ ಆಗತಾವ! ಮುಂದ ಪೂರಾ ಸೀಸೆ ಹಾಕಿದ್ರೂ ಅವು ಕೇಳಂಗಿಲ್ಲ."

ಸಂತೆಯೆಲ್ಲ ನಕ್ಕಿತು. ಹುಳ ಶಾಣ್ಯಾ ಆಗತಾವಂತ, ಯಾವ ಸಾಲಿಗೆ ಹೋಗತಾವಂತ ಕೇಳ್ರಿ, ಎಂದು ಕುಂಬಳಕಾಯಿ ಮಾರುತ್ತಿದ್ದ ಮುದುಕಿಯೂ ನಕ್ಕಳು. ಆ ನಗು ಬಹಳ ದಿನ ಊರಲ್ಲಿ ಉಳಿಯಿತು. ನಾನೂ ನಕ್ಕವಳೇ.

ನಿಡೋಣಿಯ ರೈತನೊಬ್ಬ ಕಾಲಿನ ಕುರುವಿಗೆ ಗುಳಿಗೆ ತೆಗೆದುಕೊಂಡು, ನೋವು ನಿಂತೊಡನೆ ಬಿಟ್ಟು, ಮತ್ತೆ ಕುಂಟುತ್ತ ಬಂದಿದ್ದ. ಅವನನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿದರು: "ನಿನ್ನ ಎರಿ ಹೊಲದಾಗ ಕರಕಿ ಹೊಕ್ಕರ ಏನ್ ಮಾಡ್ತಿ?"

"ಆಳ ಹಚ್ಚಿ ಅಗಸ್ತೇನ್ರಿ. ಕಡೀ ಬೇರ ಸಿಗೂತನಕ."

"ಅರ್ಧಾ ಅಗಿಸಿ ಬಿಟ್ರ?"

"ಒಂದ ಮಳಿ ಬಿದ್ರ ಸಾಕ್ರಿ, ಇಡೀ ಹೊಲಾ ತಿಂತೈತಿ."

"ಹೊಲದ ಮಾತು ತಿಳೀತೈತಿ, ಮೈ ಮಾತು ಯಾಕ ತಿಳಿಯಂಗಿಲ್ಲೋ ನಿನಗ?"

ಹೀಗೆ ದಿನವೂ. ತಿಳಿಸಿ ಹೇಳುವುದನ್ನೂ ಬೈದೇ ಹೇಳಬೇಕೆ ಎಂದು ನನಗೆ ಆಗ ಅನ್ನಿಸುತ್ತಿತ್ತು. ಈಗ ಅದೇ ಮಾತನ್ನು ಮಗಳು ನನಗೆ ಹೇಳುತ್ತಾಳೆ.

ನಾನು ಬಬಲೇಶ್ವರದವಳು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸು ಮಾಡಿ, ಮುಂದಿನ ವರ್ಷವೇ ತಿಕೋಟಾದ ಒಕ್ಕಲುತನದ ಮನೆಗೆ ಕಿರಿಯ ಸೊಸೆಯಾಗಿ ಬಂದೆ. ಹಿರಿಯ ಸೊಸೆ ನನಗಿಂತ ನಾಲ್ಕು ವರ್ಷಕ್ಕೆ ದೊಡ್ಡವಳು. ನೆಗೆಣ್ಣಿಯಾದರೂ ನಾನು ಅವಳನ್ನು ಅಕ್ಕ ಎಂದೇ ಕರೆದೆ. ರೊಟ್ಟಿ ಬಡಿಯಲು ಕುಳಿತರೆ ಅವಳ ಕೈಯ ಸದ್ದು ಮೂರು ಮನೆ ಆಚೆಗೆ ಕೇಳುತ್ತಿತ್ತು. ನನಗೆ ಕಟಿ ರೊಟ್ಟಿ ಇಷ್ಟವೆಂದು ಒಂದನ್ನು ಒಲೆಗೆ ಒರಗಿಸಿ ಗರಿಗರಿಯಾಗುವವರೆಗೆ ಬಿಟ್ಟು, ಯಾರಿಗೂ ಕಾಣದಂತೆ ನನ್ನ ತಾಟಿಗೆ ಹಾಕುತ್ತಿದ್ದಳು. ಕಾಣದಂತೆ ಯಾಕೆಂದರೆ ನಮ್ಮತ್ತೆಗೆ ಅದು ಕಂಡರೆ ಇನ್ನೊಂದು ಕಟಿ ರೊಟ್ಟಿ ಮಾಡಿಸಿ ಅಕ್ಕನ ತಾಟಿಗೂ ಹಾಕಿಸುತ್ತಿದ್ದರು.

ನಮ್ಮತ್ತೆಯ ಸಮಪಾಲು ಬಳಗದಲ್ಲೆಲ್ಲ ಹೆಸರುವಾಸಿ. ಅವರು ಸೊಸೆಯಾಗಿ ಬಂದ ಹೊಸತರಲ್ಲಿ ಒಂದು ತಾಮ್ರದ ಹಂಡೆಯ ಪಾಲಿಗಾಗಿ ಜಗಳ ಹತ್ತಿ, ಒಂದೇ ಒಲೆಯ ಮನೆ ಮೂರು ಒಲೆಯಾಗಿತ್ತಂತೆ. ಆ ಹೆದರಿಕೆ ಅವರಿಗೆ ಜನ್ಮಕ್ಕೆ ಸಾಕಾಯಿತು. ಪಂಚಮಿಯ ಉಂಡೆ ಕಟ್ಟಿದರೆ ಇಬ್ಬರು ಸೊಸೆಯರಿಗೂ ಅಷ್ಟಷ್ಟೇ. ಒಬ್ಬಳಿಗೆ ಇಳಕಲ್ ಸೀರೆ ಬಂದರೆ ಇನ್ನೊಬ್ಬಳಿಗೂ ಅದೇ ದಡಿಯದು. ಬೆಳಗ್ಗೆ ಒಬ್ಬಳಿಗೆ ಬೈದರೆ, ತಪ್ಪಿರಲಿ ಬಿಡಲಿ, ಸಂಜೆಯೊಳಗೆ ಇನ್ನೊಬ್ಬಳಿಗೂ ಒಂದು ಬೈಗುಳ. ಇಂಥ ಅತ್ತೆ ಸಿಗಲು ಪುಣ್ಯ ಮಾಡಿರಬೇಕು ಎಂದು ಓಣಿಯ ಹೆಂಗಸರು ನಮಗೆ ಹೇಳುತ್ತಿದ್ದರು. ಅದು ಸುಳ್ಳೂ ಅಲ್ಲ.

ಅಕ್ಕನಿಗೆ ಮಗಳು ಹುಟ್ಟಿ ವರ್ಷ ತುಂಬುವ ಹೊತ್ತಿಗೆ ಅವಳು ಕೆಮ್ಮತೊಡಗಿದಳು. ಸಂಜೆಯಾದರೆ ಮೈ ಬಿಸಿ. ಒಂದು ದಿನ ಕೆಮ್ಮಿ ಉಗುಳಿದ್ದರಲ್ಲಿ ರಕ್ತ ಕಂಡಿತು. ವಿಜಾಪುರದ ದೊಡ್ಡ ದವಾಖಾನೆಗೆ ಹೋಗಿ ಎದೆಯ ಫೋಟೋ ತೆಗೆಸಿದೆವು. ಕ್ಷಯ ಎಂದರು. ಒಂದೂವರೆ ವರ್ಷ ಔಷಧ ತಪ್ಪಿಸಬಾರದು, ತಿಕೋಟಾದಲ್ಲೇ ಸಿಗುವಂತೆ ಮಾಡುತ್ತೇವೆ ಎಂದು ಕಾಗದ ಕೊಟ್ಟರು.

ಕಾಗದ ಹಿಡಿದು ಕಂಪೌಂಡರರ ಮುಂದೆ ನಿಂತಾಗ ಅವರು ರಿಜಿಸ್ಟರನ್ನೂ ಹೆಬ್ಬೆಟ್ಟಿನ ಮಸಿಯನ್ನೂ ಮುಂದೆ ತಳ್ಳಿದರು. ಅಕ್ಕನಿಗೆ ಓದು ಬರಹ ಬರುತ್ತಿರಲಿಲ್ಲ. ನಾನೇ ಲೇಖಣಿ ತೆಗೆದುಕೊಂಡು ಅವಳ ಹೆಸರು ಬರೆದೆ. ಅವರು ಅಕ್ಷರವನ್ನೊಮ್ಮೆ ನೋಡಿ, ನನ್ನನ್ನೊಮ್ಮೆ ನೋಡಿದರು.

"ಎಷ್ಟನೇತ್ತೆ ಕಲ್ತಿ?"

"ಮುಲ್ಕಿ ಪಾಸ್ರಿ."

"ಹಂಗಾದ್ರ ಈಕಿ ಔಷಧ ನಿನ್ನ ಜವಾಬ್ದಾರಿ. ತಿಳೀತೇನ ಮುಲ್ಕಿ?"

ಅವತ್ತಿನಿಂದ ಅವರ ಬಾಯಲ್ಲಿ ನನ್ನ ಹೆಸರು ಮುಲ್ಕಿ ಎಂದೇ ಆಯಿತು. ವಾರಕ್ಕೊಮ್ಮೆ ಹೋಗುತ್ತಿದ್ದೆ, ಒಂದೇ ವಾರದ್ದು ಕೊಡುತ್ತಿದ್ದರು. ಸಣ್ಣ ಬಿಳಿ ಗುಳಿಗೆ, ಜೊತೆಗೆ ವಾಕರಿಕೆ ಬರುವಷ್ಟು ಕೆಟ್ಟ ರುಚಿಯ ಒಂದು ಪುಡಿ. ಹಿಂದಿನ ವಾರದ ಖಾಲಿ ಕಾಗದ ತೋರಿಸಿದರೇ ಮುಂದಿನದು. ಮೂರು ತಿಂಗಳಲ್ಲಿ ಅಕ್ಕನ ಕೆನ್ನೆ ತುಂಬಿಕೊಂಡಿತು. ರೊಟ್ಟಿ ಬಡಿಯುವ ಸದ್ದು ಮತ್ತೆ ಕೇಳಿಸಿತು.

ಅಷ್ಟರಲ್ಲಿ ಇಂಡಿ ತಾಲೂಕಿನ ಕಡೆ ಕಾಲರಾ ಎದ್ದಿತು. ಚುಚ್ಚುಮದ್ದು ಹಾಕಲು ಕಂಪೌಂಡರರಿಗೆ ಆ ಕಡೆ ಡ್ಯೂಟಿ ಬಿತ್ತು. ಹೋಗುವ ಹಿಂದಿನ ದಿನ ಸಾಯಂಕಾಲ ಸೈಕಲ್ಲಿನಲ್ಲಿ ನಮ್ಮ ಮನೆಗೆ ಬಂದು, ಕಟ್ಟೆಯ ಮೇಲೆ ಕುಳಿತು ನೀರು ಕುಡಿದು, ಆರು ವಾರದ ಔಷಧವನ್ನು ಒಟ್ಟಿಗೇ ಕೊಟ್ಟು ಹೋದರು. ಆ ದೊಡ್ಡ ಪೊಟ್ಟಣದ ಮೇಲೆ ಗೆರೆಗಳಿರಲಿಲ್ಲ. ನೀಲಿ ಪೆನ್ಸಿಲ್ಲಿನಲ್ಲಿ ದುಂಡು ದುಂಡು ಅಕ್ಷರ ಬರೆದಿದ್ದರು. ಮೊದಲ ಸಾಲು: ‘ಬೆಳಗ್ಗೆ ಒಂದು ಹೊತ್ತು, ಸಂಜೆ ಒಂದು ಹೊತ್ತು.’ ಅದರ ಕೆಳಗೆ: ‘ಇದು ಒಬ್ಬರಿಗೇ. ಅರ್ಧ ಮಾಡಿದರೆ ಇಬ್ಬರಿಗೂ ನಾಟುವುದಿಲ್ಲ. ಬೇರೆ ಯಾರಿಗಾದರೂ ಕೆಮ್ಮಿದ್ದರೆ ವಿಜಾಪುರಕ್ಕೆ ಕರೆದೊಯ್ಯಿರಿ.’

ಆ ಹೊತ್ತಿಗೆ ನಾನು ಕೆಮ್ಮತೊಡಗಿ ಹದಿನೈದು ದಿನವಾಗಿತ್ತು.

ಕಣದ ರಾಶಿಯ ಧೂಳು ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಧೂಳಲ್ಲ ಎಂದು ಗೊತ್ತೂ ಇತ್ತು. ಆದರೆ ಬಬಲೇಶ್ವರದಲ್ಲಿ ನನ್ನ ತಂಗಿಗೆ ಅರಕೇರಿಯ ಗಂಡು ಗೊತ್ತಾಗುವುದರಲ್ಲಿತ್ತು. ಹುಡುಗಿಯ ಒಡಹುಟ್ಟಿದವಳಿಗೆ ಕ್ಷಯ ಎಂದರೆ ಜನ ಮುಖ ತಿರುಗಿಸುವ ಕಾಲ ಅದು. ನನಗೂ ಕ್ಷಯ ಎಂದು ಗೊತ್ತಾದರೆ ಆ ಮದುವೆ ಮುರಿಯುತ್ತದೆ ಎಂದು ಹೆದರಿಕೆ. ನಮ್ಮತ್ತೆಗೆ ನನ್ನ ಕೆಮ್ಮು ಕೇಳದೆ ಇರಲಿಲ್ಲ. ಅವರು ತಮ್ಮ ರೀತಿಯಲ್ಲಿ ಅದಕ್ಕೆ ದಾರಿ ಹುಡುಕಿದರು.

"ಒಂದ ಮನಿ, ಒಂದ ಕೆಮ್ಮು. ಔಷಧ ಮನ್ಯಾಗ ಬಂದು ಬಿದ್ದೈತಿ. ಮತ್ತ ವಿಜಾಪುರಕ್ಕ ಹೋಗಿ ಊರಿಗೆ ಡಂಗುರ ಯಾಕ ಹೊಡಸೂದು?" ಎಂದರು. ಆಮೇಲೆ ಪೊಟ್ಟಣವನ್ನು ನನ್ನ ಕೈಗೆ ಕೊಟ್ಟರು. "ಮ್ಯಾಲ ಏನೋ ಬರದಾರಲ್ಲ, ಏನೈತಿ ಓದ."

ನಾನು ಓದಿದೆ. "ಮುಂಜಾನಿ ಒಂದು ಹೊತ್ತು, ಸಂಜಿಗೆ ಒಂದು ಹೊತ್ತು ತಗೋಬೇಕಂತರಿ ಅತ್ತಿ."

"ಅಷ್ಟ?"

"ಅಷ್ಟರಿ."

ಇದನ್ನು ಬರೆಯಲು ನನಗೆ ಅರವತ್ತು ವರ್ಷ ಹಿಡಿಯಿತು. ನನಗೆ ಸಾಯುವ ಹೆದರಿಕೆ ಇತ್ತು, ವಿಜಾಪುರಕ್ಕೆ ಹೋಗುವ ಹೆದರಿಕೆಯೂ ಇತ್ತು. ಎರಡಕ್ಕೂ ಆ ಪೊಟ್ಟಣ ಒಂದೇ ಉತ್ತರದಂತೆ ಕಂಡಿತು. ಅಕ್ಕನಿಗೆ ಆರಾಮವಾಗಿದೆಯಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿದೆ. ಅವಳೂ ಅದನ್ನೇ ಹೇಳಿದಳು. "ನನಗೇನ್ ಆಗೇತಿ ಈಗ? ಅರ್ಧಾ ಸಾಕು. ನೀನೂ ತಗೋ ತಂಗಿ. ನೀ ಮಲಗಿದ್ರ ನನ್ನ ಕೂಡ ರೊಟ್ಟಿ ಬಡಿಯಾಕ ಯಾರದಾರ?"

ನಮ್ಮತ್ತೆ ಅಡಕತ್ತರಿ ತಂದರು. ದಿನವೂ ಬೆಳಗ್ಗೆ ಅಡಿಕೆ ಹೋಳು ಮಾಡಿದಂತೆಯೇ ಗುಳಿಗೆಯನ್ನು ನಡುಮಧ್ಯ ಹಿಡಿದು ಕತ್ತರಿಸುತ್ತಿದ್ದರು. ಒಂದು ಹೋಳು ತುಸು ಸಣ್ಣದಾದರೆ ಉದುರಿದ ಪುಡಿಯನ್ನು ಬೆರಳಿಗೆ ಹಚ್ಚಿಕೊಂಡು ಅದಕ್ಕೆ ಸೇರಿಸುತ್ತಿದ್ದರು. ಕೆಟ್ಟ ರುಚಿಯ ಪುಡಿಗೆ ಒಂದೇ ಚಮಚ, ತಲೆ ಸವರಿ ಸಮ ಮಾಡಿ, ಇವಳಿಗೊಂದು ಅವಳಿಗೊಂದು. ಆರು ವಾರದಲ್ಲಿ ಒಂದು ದಿನವೂ ಅವರ ಕೈ ಹೆಚ್ಚು ಕಡಿಮೆಯಾಗಲಿಲ್ಲ.

ಕಂಪೌಂಡರರು ಕಾಲರಾ ಡ್ಯೂಟಿ ಮುಗಿಸಿ, ಕರ್ರಗಾಗಿ ಸೊರಗಿ ವಾಪಸ್ ಬಂದರು. ಬಂದ ಮರುದಿನವೇ ನಮ್ಮ ಕಟ್ಟೆಯ ಮೇಲೆ ಹಾಜರು. ಅಕ್ಕ ಹೊಸ್ತಿಲಲ್ಲಿ ನಿಂತಿದ್ದಳು. ಅವರು ಅವಳ ಮುಖ ನೋಡುತ್ತಿದ್ದಂತೆಯೇ ಅಡುಗೆಮನೆಯಲ್ಲಿ ನನಗೆ ತಡೆಯಲಾರದ ಕೆಮ್ಮು ಬಂತು.

"ಒಳಗಿನ ಕೆಮ್ಮ ಇನ್ನೂ ಐತೇನು?" ಎಂದರು.

ನಮ್ಮತ್ತೆ ಅಭಿಮಾನದಿಂದಲೇ ಹೇಳಿದರು. "ಆಕಿಗೂ ನಿಮ್ಮ ಔಷಧಾನ ಕೊಡಾಕತ್ತೇವ್ರಿ ಸಾಹೇಬ್ರ. ಇಬ್ಬರೂ ಸೊಸ್ತೇರಿಗೆ ಸಮನ ಪಾಲ ಮಾಡೇನಿ. ಒಬ್ಬಾಕಿಗೆ ಹೆಚ್ಚಿಲ್ಲ, ಒಬ್ಬಾಕಿಗೆ ಕಡಿಮಿಲ್ಲ." ಸಾಕ್ಷಿಗೆ ಅಡಕತ್ತರಿಯನ್ನೂ ತೋರಿಸಿದರು.

ಅವರು ಟೊಪ್ಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು. ಆಮೇಲೆ ಹಚ್ಚಿದರು ನೋಡಿ. "ಯವ್ವಾ, ಇದೇನ್ ಹೋಳಗಿ ಏನಬೇ, ಇಬ್ಬರಿಗೆ ಮುರದು ಕೊಡಾಕ? ಒಂದು ಜೀವಾ ಉಳಿಸಾಕ ಕೊಟ್ಟಿದ್ದನ್ನ ಕತ್ತರಿಗೆ ಹಾಕಿ ಎರಡೂ ಜೀವಾ ಕುತ್ತಿಗಿಗೆ ತಂದಿಟ್ಟಿಯಲ್ಲಬೇ!" ಓಣಿಯ ಜನ ಸೇರಿದರು. ನಮ್ಮ ಮಾವ ಹೊಲದಿಂದ ಬಂದವರು ನೊಗ ಇಳಿಸುವುದನ್ನೂ ಮರೆತು ನಿಂತರು. ನಮ್ಮತ್ತೆ ಮಾತ್ರ ಒಂದು ಹೆಜ್ಜೆ ಹಿಂದೆ ಸರಿಯಲಿಲ್ಲ.

"ಇಬ್ಬರೂ ನನ್ನ ಮನೀ ಹೆಣಮಕ್ಕಳು. ಒಬ್ಬಾಕಿಗೆ ಕೊಟ್ಟು ಒಬ್ಬಾಕಿ ಕೆಮ್ಮೂದು ನೋಡ್ಕೋತ ಕುಂದರಾಕ ನಾ ಏನ್ ರಾಕ್ಷಸಿ ಏನ್ರಿ?"

ಕಂಪೌಂಡರರ ಕಣ್ಣು ಅಡುಗೆಮನೆಯ ಬಾಗಿಲ ಮರೆಯಲ್ಲಿದ್ದ ನನ್ನ ಕಡೆ ತಿರುಗಿತು. ಈಗ ಬಂತು ನನ್ನ ಪಾಲಿನದು ಎಂದು ಸೆರಗು ಬಿಗಿಹಿಡಿದು ನಿಂತೆ. ಪೊಟ್ಟಣದ ಮೇಲಿನ ಬರಹದ ವಿಷಯ ಈಗ ಎತ್ತುತ್ತಾರೆ, ಮನೆಯವರೆಲ್ಲರ ಮುಂದೆ ಎತ್ತುತ್ತಾರೆ. ಅವರು ಟೊಪ್ಪಿಗೆ ಹಾಕಿಕೊಂಡು ಎದ್ದರು.

"ಮುಲ್ಕಿ, ನಾಳಿ ಏಳರ ಬಸ್ಸಿಗೆ ತಯಾರಾಗು. ಇಬ್ಬರದೂ ಫೋಟೋ ತಗಸಬೇಕು."

ಅಷ್ಟೇ. ನನಗೂ ಕ್ಷಯವಿದೆ ಎಂದು ವಿಜಾಪುರದಲ್ಲಿ ತಿಳಿಯಿತು. ಶುರುವಿನದು, ವಾಸಿಯಾಗುತ್ತದೆ ಎಂದರು. ಅರಕೇರಿಯ ಗಂಡಿನ ಕಡೆಯವರಿಗೆ ಸುದ್ದಿ ಹೋಗಲು ಎರಡು ದಿನವೂ ಬೇಕಾಗಲಿಲ್ಲ. ಆ ಸಂಬಂಧ ಮುರಿಯಿತು, ತಂಗಿಗೆ ಮರುವರ್ಷ ಬೇರೆ ಕಡೆ ಮದುವೆಯಾಯಿತು. ಯಾವುದನ್ನು ಉಳಿಸಲು ಬಾಯಿ ಮುಚ್ಚಿಕೊಂಡಿದ್ದೆನೋ ಅದೂ ಉಳಿಯಲಿಲ್ಲ.

ಅಲ್ಲಿಂದ ಮುಂದೆ ಕಂಪೌಂಡರರು ಮನೆಗೆ ಔಷಧ ಕೊಡುವುದನ್ನೇ ನಿಲ್ಲಿಸಿದರು. ದಿನವೂ ಬೆಳಗ್ಗೆ, ಸಂಜೆ ಎರಡೂ ಹೊತ್ತು ತಾವೇ ಸೈಕಲ್ಲಿನಲ್ಲಿ ಬಂದು ಕಟ್ಟೆಯ ಮೇಲೆ ಕುಳಿತು ಗಂಟೆ ಬಾರಿಸುತ್ತಿದ್ದರು. ನಾನು, ಅಕ್ಕ ಇಬ್ಬರೂ ತಲೆಯ ಮೇಲೆ ಸೆರಗು ಹೊದ್ದು ಹೊಸ್ತಿಲಿಗೆ ಬರಬೇಕು. ಅವರ ಕಣ್ಣೆದುರು ನುಂಗಬೇಕು. "ಬಾಯಿ ತಗಿ. ನಾಲಿಗಿ ಎತ್ತು." ಮನೆತನದ ಸೊಸೆಯರು ಪರಪುರುಷನಿಗೆ ಬಾಯಿ ತೆರೆದು ತೋರಿಸುವುದನ್ನು ನೋಡಲು ಓಣಿಯ ಹೆಂಗಸರು ಅದೇ ಹೊತ್ತಿಗೆ ಕೊಡ ಹೊತ್ತು ನೀರಿಗೆ ಹೊರಡುತ್ತಿದ್ದರು. ನನ್ನ ಗಂಡ ಆ ಸಮಯಕ್ಕೆ ಹಿತ್ತಲಿಗೆ ಹೋಗಿಬಿಡುತ್ತಿದ್ದರು. ಪುಡಿ ನುಂಗಿದ ಮೇಲೆ ವಾಂತಿಯಾದರೆ, ಮುಖ ತೊಳೆದುಕೊಂಡು ಬರುವವರೆಗೆ ಕಾದು, ಇನ್ನೊಂದು ಪುಡಿ ಕೊಡುತ್ತಿದ್ದರು. ಒಮ್ಮೆ ಗುಳಿಗೆಯನ್ನು ದವಡೆಗೆ ಒತ್ತಿ ಇಟ್ಟುಕೊಂಡಿದ್ದು ಸಿಕ್ಕಿಬಿದ್ದು, ಅರ್ಧ ಗಂಟೆ ಬೈಸಿಕೊಂಡೆ. ಹಾಸಿಗೆ ಬಿಸಿಲಿಗೆ ಹಾಕದ್ದಕ್ಕೆ ಬೈದರು, ಬೂದಿಯ ಡಬ್ಬಿ ಬಿಟ್ಟು ಅಂಗಳದಲ್ಲಿ ಉಗುಳಿದ್ದಕ್ಕೆ ಬೈದರು, ತೂಕ ಏರದ್ದಕ್ಕೂ ಬೈದರು. ನನಗೆ ಅವರ ಸೈಕಲ್ಲಿನ ಗಂಟೆ ಕೇಳಿದರೆ ಮೈ ಉರಿಯುತ್ತಿತ್ತು. ಸೂಜಿಯನ್ನೂ ಹಾಕಿದರು, ದಿನಕ್ಕೊಂದರಂತೆ ಮೂರು ತಿಂಗಳು. ಅದರಿಂದ ಎಡಗಿವಿ ಮಂದವಾಯಿತು, ಇಂದಿಗೂ ಹಾಗೇ ಇದೆ.

ನಾನು ಸುಧಾರಿಸಿದೆ. ಅಕ್ಕ ಸುಧಾರಿಸಲಿಲ್ಲ.

ಸೂಜಿಗೆ ಎರಡು ತಿಂಗಳು ಜ್ವರ ನಿಂತು, ಮತ್ತೆ ಶುರುವಾಯಿತು. ಗುಳಿಗೆ ಅವಳ ಮೇಲೆ ಕೆಲಸ ಮಾಡುವುದನ್ನು ಬಿಟ್ಟಿತ್ತು, ಆಮೇಲೆ ಸೂಜಿಯೂ ಬಿಟ್ಟಿತು. ಬೇರೆ ಔಷಧ ಹೊರದೇಶದಲ್ಲಿ ಇರಬಹುದು, ನಮ್ಮ ಕೈಗೆ ಸಿಗುವಂಥದ್ದಿಲ್ಲ ಎಂದು ವಿಜಾಪುರದ ಡಾಕ್ಟರು ಹೇಳಿಬಿಟ್ಟರು. ಮಗುವನ್ನು ಅವಳಿಂದ ದೂರ ಇಟ್ಟೆವು. ಅಕ್ಕ ಪಡಸಾಲೆಯ ಕಿಟಕಿಯಲ್ಲಿ ಕುಳಿತು, ಅಂಗಳದಲ್ಲಿ ಆಡುವ ಮಗಳನ್ನು ನೋಡುತ್ತಿದ್ದಳು. ನಮ್ಮತ್ತೆ ಒಂದು ದಿನ ಕಂಪೌಂಡರರ ಎದುರು ಕುಳಿತು ಕೇಳಿದರು.

"ಈಗ ಇಬ್ಬರಿಗೂ ಪೂರಾ ಕೊಡಾಕತ್ತೀರಲ್ಲರಿ. ಈಕಿಗೆ ನಾಟೈತಿ, ಆಕಿಗ್ಯಾಕ ನಾಟವಲ್ದು? ನಾ ಸಮನ ಕೊಟ್ಟಿದ್ನೆಲ್ರಿ?"

ಆ ಬಾಯಿಂದ ಮೆತ್ತಗಿನ ಮಾತು ಬಂದದ್ದನ್ನು ನಾನು ಮೊದಲ ಸಲ ಕೇಳಿದೆ. "ಸಮಾ ಕೊಟ್ಟಿದ್ದು ಖರೇ ಯವ್ವಾ. ಆದ್ರ ಆಕಿ ಎದಿಯಾಗ ಹುಳಾ ಭಾಳ ಇದ್ದುವು. ಅರ್ಧಾ ಗುಳಿಗಿಗೆ ಅಳ್ಳಕ ಇದ್ದುವೆಲ್ಲ ಸತ್ತುವು, ಗಟ್ಟಿ ಇದ್ದುವು ಉಳದುವು. ಈಗ ಅವೇ ಬೆಳದಾವ. ಶಾಣ್ಯಾ ಆಗ್ಯಾವ."

ಈ ಸಲ ಯಾರೂ ನಗಲಿಲ್ಲ.

ಮರುವರ್ಷ ಮಾಘದಲ್ಲಿ, ರೊಟ್ಟಿ ಬಡಿಯುವ ಹೊತ್ತಿನಲ್ಲಿ ಅಕ್ಕ ಹೋದಳು. ಹಿಂದಿನ ದಿನ ನನ್ನನ್ನು ಕರೆದು, "ನಿನಗ ನಾಟೈತಲ್ಲ ತಂಗಿ, ನನ್ನ ಮಗಳನ್ನ ನೋಡ್ಕೋ" ಎಂದಿದ್ದಳು. ಅವಳ ಆ ಮಗಳೇ ಈಗ ನನ್ನ ಮಗಳು, ನಾಲ್ಕು ಗುಳಿಗೆ ಪಕ್ಕದ ಮನೆಗೆ ಕೊಟ್ಟವಳು. ನಮ್ಮತ್ತೆ ಅಡಕತ್ತರಿಯನ್ನು ಬಾವಿಗೆ ಎಸೆದರು, ಸಾಯುವವರೆಗೆ ಎಲೆ ಅಡಿಕೆ ಮುಟ್ಟಲಿಲ್ಲ. ತಮ್ಮ ಕೈಯಿಂದಲೇ ಸೊಸೆ ಸತ್ತಳು ಎಂದು ಹೇಳಿಕೊಂಡು ಅಳುತ್ತಿದ್ದರು. ಆಗಲೂ ನಾನು ಬಾಯಿ ಬಿಡಲಿಲ್ಲ. ನನ್ನ ಮೇಲೆ ನನಗಿರುವ ಸಿಟ್ಟನ್ನು ಬರೆಯುತ್ತ ಕುಳಿತರೆ ಬೇರೆ ಪುಸ್ತಕವೇ ಆಗುತ್ತದೆ.

ಅಕ್ಕ ಹೋದ ಮೇಲೂ ನನ್ನ ಅವಧಿ ಮುಗಿಯುವವರೆಗೆ ಕಂಪೌಂಡರರು ದಿನವೂ ಬಂದರು. ಮುಗಿದ ದಿನ "ಮುಗೀತು" ಎಂದು ಸೈಕಲ್ಲು ಹತ್ತಿ ಹೋದರು. ಊರೇನೂ ಬದಲಾಗಲಿಲ್ಲ. ಜನ ಅರ್ಧಕ್ಕೆ ಬಿಡುತ್ತಲೇ ಇದ್ದರು, ಸಂತೆಯ ಸೂಜಿ ಡಾಕ್ಟರ ಮರ ಬದಲಿಸಿ ಕೂರುತ್ತಿದ್ದ. ಇವರು ಬೈಯುತ್ತಲೇ ಇದ್ದರು.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಅವರು ನಿವೃತ್ತರಾದರು. ಅದೇ ಗೌಡರು ಬಸ್ ಸ್ಟ್ಯಾಂಡಿಗೆ ಬಂದು ಹಾರ ಹಾಕಿದರು. ಹಾರ ಹಾಕಿಸಿಕೊಳ್ಳುವಾಗಲೂ, "ನಿಮ್ಮ ಉಸಿರು ಸುಂಯ್ ಅಂತೈತಿ, ಬೀಡಿ ಬಿಡ್ರಿ" ಎಂದು ಅವರಿಗೆ ಬೈದೇ ಬೈದರು. ನಾನು ಮಗಳ ಕೈ ಹಿಡಿದುಕೊಂಡು ಹೋಗಿದ್ದೆ. ಜನ ಚದುರಿದ ಮೇಲೆ ಹತ್ತಿರ ಹೋದೆ.

"ಸಾಹೇಬ್ರ, ಒಂದು ಮಾತು ಹೇಳೂದೈತ್ರಿ."

"ಲಗೂನ ಹೇಳು, ಬಸ್ ಬಿಡತೈತಿ."

"ಅವತ್ತ ಆ ಪೊಟ್ಟಣದ ಮ್ಯಾಲ ನೀವು ಬರದಿದ್ದು ನಾ ಪೂರಾ ಓದಿದ್ನಿರಿ. ಅತ್ತಿಗೆ ಮೊದಲನೇ ಸಾಲಷ್ಟ ಹೇಳಿದೆ."

ಅವರ ಟ್ರಂಕನ್ನು ಕಂಡಕ್ಟರ್ ಬಸ್ಸಿನ ಮೇಲೆ ಏರಿಸುತ್ತಿದ್ದ. ಅದನ್ನೇ ನೋಡುತ್ತ ಹೇಳಿದರು: "ಗೊತ್ತೈತಿ."

"ಹೆಂಗ್ರಿ?"

"ಊರಿಗೆಲ್ಲ ಗೆರಿ ಎಳದು ಕೊಡಾಂವ, ಅದೊಂದರ ಮ್ಯಾಲ ಅಕ್ಷರ ಯಾಕ ಬರದೆ? ಆ ಮನ್ಯಾಗ ಓದಾಕ ಬರತಿದ್ದಾಕಿ ನೀ ಒಬ್ಬಾಕಿ. ಕಟ್ಟಿ ಮ್ಯಾಲ ಕುಂತು ನೀರ ಕುಡಿಯೂ ಮುಂದ ನಿನ್ನ ಕೆಮ್ಮ ಕೇಳಿದ್ನಿ. ನಿನಗಂತನ ಬರದಿದ್ದೆ, ಮುಲ್ಕಿ."

"ಮತ್ತ ಯಾಕ ಒಂದು ದಿನಾನೂ ಬೈಲಿಲ್ರಿ?"

"ಕೆಮ್ಮ ಕೇಳಿದಾಂವ ಆಗಿಂದಾಗ ಒಳಗ ಬಂದು ಕೇಳಬೇಕಿತ್ತು. ನಸಿಕಿನ ಬಸ್ಸಿಗೆ ಹೋಗೂ ಗಡಿಬಿಡಿ. ಬರದಿಟ್ರ ಸಾಕು ಅಂದ್ಕೊಂಡೆ. ನನ್ನ ತಪ್ಪು ಅರ್ಧಾ ಐತಿ, ಯಾವ ಬಾಯಿಲೆ ಬೈಲಿ?"

ಮಗಳ ತಲೆಯ ಮೇಲೆ ಒಮ್ಮೆ ಕೈಯಿಟ್ಟು ಬಸ್ಸು ಹತ್ತಿದರು. ಅವರನ್ನು ನಾನು ಮತ್ತೆ ನೋಡಲಿಲ್ಲ.

ಸಿಟ್ಟು ಇದೇ. ಹಾಸಿಗೆ ಒಣಹಾಕದ್ದಕ್ಕೆ ಬೈದ ಮನುಷ್ಯ, ಗೌಡರ ಬೀಡಿಗೂ ಬೈದ ಮನುಷ್ಯ, ಬೈಯಲೇಬೇಕಾಗಿದ್ದ ಒಂದಕ್ಕೆ ನನ್ನನ್ನು ಹಾಗೆಯೇ ಬಿಟ್ಟು ಹೋದರು. ತಪ್ಪನ್ನೂ ನಮ್ಮತ್ತೆಯ ಹಾಗೆ ಎರಡು ಹೋಳು ಮಾಡಿ, ನನಗೊಂದು ಕೊಟ್ಟು ತಾವೊಂದು ಇಟ್ಟುಕೊಂಡರು. ಅರ್ಧ ಮಾಡಿದರೆ ಇಬ್ಬರಿಗೂ ನಾಟುವುದಿಲ್ಲ ಎಂದು ಬರೆದವರೇ ಅವರಲ್ಲವೇ!

ಮಗಳ ಗುಳಿಗೆ ಇವತ್ತು ಬೆಳಗ್ಗೆ ಮುಗಿಯಿತು. ಕೊನೆಯದನ್ನು ನುಂಗಿ ತಾನಾಗಿಯೇ ನಾಲಿಗೆ ಎತ್ತಿ ತೋರಿಸಿ ನಕ್ಕಳು. ತಾಯಿ ಕ್ಷಯದಿಂದ ಸತ್ತಳು ಎಂದಷ್ಟೇ ಅವಳಿಗೆ ಗೊತ್ತು. ಈ ಹಾಳೆಗಳನ್ನು ಸಂಜೆ ಅವಳ ಕೈಗೆ ಕೊಡುತ್ತೇನೆ. ಮೊದಲನೆಯ ಸಾಲಿನಿಂದ ಕೊನೆಯ ಸಾಲಿನವರೆಗೆ ಪೂರಾ ಓದು ಎಂದು ಹೇಳಿಯೇ ಕೊಡುತ್ತೇನೆ. ಅವಳಾದರೂ ಬೈಯಲಿ.